ದೇವರ ಕರೆ, ಮಿಶನ್ ಆಸ್ಪತ್ರೆ, ನೈಟ್ ಡ್ಯೂಟಿ: ಪದೇ ಪದೇ ಕೇಳುವ ಪ್ರಶ್ನೆಗಳು

ನರ್ಸಿಂಗ್ ಓದುತ್ತಿರುವ ಹುಡುಗಿಯರು, ಎಂಬಿಬಿಎಸ್ ಮುಗಿಸಿ ಮುಂದೇನು ಎಂದು ತಲೆ ಕೆರೆದುಕೊಳ್ಳುವ ನಮ್ಮ ಸಭೆಯ (ಚರ್ಚಿನ) ಹುಡುಗರು, ಅವರಿಗಿಂತ ಹೆಚ್ಚಾಗಿ ಅವರ ಅಪ್ಪ ಅಮ್ಮ ನನ್ನನ್ನು ಕೇಳುವ ಪ್ರಶ್ನೆಗಳಿವು. ಕ್ರೈಸ್ತರಲ್ಲದ ಗೆಳತಿಯರು ಸಂಕೋಚದಿಂದ ಕೇಳುವ ಒಂದೆರಡೂ ಇದರಲ್ಲಿ ಸೇರಿವೆ. ನಾನು ನರ್ಸ್. ಕಲಿತದ್ದು ಮಿಶನ್ ಆಸ್ಪತ್ರೆಯಲ್ಲಿ, ಬಿಹಾರದ ಇನ್ನೊಂದು ಮಿಶನ್ ಆಸ್ಪತ್ರೆಯಲ್ಲಿ ಒಂಬತ್ತು ವರ್ಷ ದುಡಿದೆ, ಈಗ ಪಾಠ ಹೇಳುತ್ತೇನೆ. ದೇವಶಾಸ್ತ್ರ ಬೇಕಿದ್ದವರು ಪಾದ್ರಿ ಅಯ್ಯನವರನ್ನೇ ಕೇಳಿ. ವಾರ್ಡಿನ ಮಾತಾದರೆ ನಾನು ಹೇಳುತ್ತೇನೆ.

ಮಿಶನ್ ಆಸ್ಪತ್ರೆ ಅಂದರೆ ಯಾವುದು? ಈಗಲೂ ಇವೆಯೇ?

ಕ್ರೈಸ್ತ ಮಿಶನರಿಗಳು ಶುರು ಮಾಡಿದ ಆಸ್ಪತ್ರೆ. ನೀವು ಹುಟ್ಟಿದ್ದೇ ಅಂಥ ಒಂದರಲ್ಲಿ ಇರಬಹುದು. ನಾನು ಹುಟ್ಟಿದ್ದು ಬೆಟಗೇರಿಯ ‘ಜರ್ಮನ್ ದವಾಖಾನಿ’ಯಲ್ಲಿ. ಬಾಸೆಲ್ ಮಿಶನ್‌ನವರು ಕಟ್ಟಿದ್ದು, ಈಗ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯದು. ಅಲ್ಲೀಗ ಜರ್ಮನರು ಯಾರೂ ಇಲ್ಲ, ಹೆಸರು ಮಾತ್ರ ಉಳಿದುಕೊಂಡಿದೆ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ 1906ರಲ್ಲಿ ಹೆಂಗಸರು ಮಕ್ಕಳಿಗಾಗಿ ತೆರೆದ ಹೋಲ್ಡ್ಸ್‌ವರ್ತ್ ಆಸ್ಪತ್ರೆಗೆ ಹೋಗಬೇಕಾದರೆ ಆಟೊದವನಿಗೆ ‘ಮಿಶನ್ ಆಸ್ಪತ್ರೆ’ ಅಂದರೆ ಸಾಕು. ಉಡುಪಿಯಲ್ಲಿ ಸ್ವಿಟ್ಜರ್ಲೆಂಡಿನ ಡಾಕ್ಟರ್ ಇವಾ ಲೊಂಬಾರ್ಡ್ 1923ರಲ್ಲಿ ಶುರು ಮಾಡಿದ್ದಕ್ಕೂ ಅದೇ ಹೆಸರು. ಕೋಲಾರದ ಮೆಥೋಡಿಸ್ಟ್ ಆಸ್ಪತ್ರೆ 1910ರದು. ಕ್ಯಾಥೊಲಿಕರ ಕಡೆ ಬಂದರೆ, ಮಂಗಳೂರು ಕಂಕನಾಡಿಯ ಫಾದರ್ ಮುಲ್ಲರ್ 1880ರದು, ಬೆಂಗಳೂರಿನ ಸೇಂಟ್ ಮಾರ್ಥಾಸ್ 1886ರದು.

ಕೆಲವು ಮೆಡಿಕಲ್ ಕಾಲೇಜಾಗಿ ಬೆಳೆದಿವೆ, ಕೆಲವು ಬಣ್ಣ ಮಾಸಿ ನಿಂತಿವೆ. ಎರಡನೇ ಬಗೆಯವಕ್ಕೇ ಜನ ಬೇಕಾಗಿರುವುದು.

‘ಕರೆ’ ಅಂದರೆ ಏನು? ಧ್ವನಿ ಕೇಳಿಸಬೇಕೇ?

ಚರ್ಚಿನಲ್ಲಿ ಭಾನುವಾರದ ಪ್ರಸಂಗದಲ್ಲಿ (ಉಪದೇಶದಲ್ಲಿ) ಇದನ್ನು ಸಿಡಿಲು ಬಡಿದ ಹಾಗೆ ವರ್ಣಿಸುತ್ತಾರೆ. ದಾಖಲೆಯಲ್ಲಿರುವ ಕರೆಗಳನ್ನು ತೆಗೆದು ನೋಡಿದರೆ ಅಲ್ಲಿ ಸಿಡಿಲಿಗಿಂತ ಬಾಗಿಲು ಬಡಿದ ಸದ್ದೇ ಹೆಚ್ಚು.

ವೆಲ್ಲೂರಿನ ಆಸ್ಪತ್ರೆ ಕಟ್ಟಿದ ಐಡಾ ಸ್ಕಡರ್ ಕಥೆ ಎಲ್ಲರಿಗೂ ಗೊತ್ತು. 1870ರಲ್ಲಿ ರಾಣಿಪೇಟೆಯಲ್ಲಿ ಹುಟ್ಟಿದವಳು. ತಾತ ಜಾನ್ ಸ್ಕಡರ್ 1819ರಲ್ಲೇ ಅಮೆರಿಕದಿಂದ ಸಿಲೋನಿಗೆ ಹೊರಟ ಮಿಶನ್ ವೈದ್ಯ. ಅಪ್ಪ, ದೊಡ್ಡಪ್ಪಂದಿರು ಅದೇ ಹಾದಿ ಹಿಡಿದವರು. ‘ನನಗೆ ಮಾತ್ರ ಈ ಮಿಶನರಿ ಬದುಕು ಬೇಡ’ ಎಂದು ಅಮೆರಿಕದಲ್ಲಿ ಓದಿಕೊಂಡಿದ್ದ ಹುಡುಗಿ ತಿಂಡಿವನಕ್ಕೆ ಬಂದದ್ದು ತಾಯಿಗೆ ಹುಷಾರಿಲ್ಲ ಅಂತ. ಅಲ್ಲಿ ಒಂದೇ ರಾತ್ರಿ ಮೂವರು ಗಂಡಸರು ಒಬ್ಬರಾದ ಮೇಲೆ ಒಬ್ಬರು ಬಾಗಿಲು ಬಡಿದರು. ಒಬ್ಬ ಬ್ರಾಹ್ಮಣ, ಒಬ್ಬ ಮುಸಲ್ಮಾನ, ಇನ್ನೊಬ್ಬ ಬೇರೆ ಜಾತಿಯ ಹಿಂದೂ. ಮೂವರ ಮನೆಯಲ್ಲೂ ಹೆರಿಗೆ ಕಷ್ಟವಾಗಿ ಹೆಂಡತಿ ಒದ್ದಾಡುತ್ತಿದ್ದಳು. ಡಾಕ್ಟರಾಗಿದ್ದ ಅಪ್ಪ ಮನೆಯಲ್ಲೇ ಇದ್ದರು. ಆದರೆ ಗಂಡಸು ಡಾಕ್ಟರು ಅವರಿಗೆ ಬೇಡ, ಈ ಹುಡುಗಿಗೆ ವೈದ್ಯ ಬಾರದು. ಬೆಳಗಾಗುವಷ್ಟರಲ್ಲಿ ಮೂವರು ಹೆಂಗಸರೂ ತೀರಿಹೋಗಿದ್ದರು.

ಪ್ರಸಂಗ ಇಲ್ಲಿಗೆ ನಿಲ್ಲುತ್ತದೆ. ನನಗೆ ಮುಖ್ಯ ಅನಿಸುವುದು ಮುಂದಿನದು. ಆಕೆ ಮರುದಿನ ಬೆಳಿಗ್ಗೆ ಔಷಧಿ ಚೀಲ ಹೆಗಲಿಗೆ ಹಾಕಿಕೊಂಡು ಹೊರಡಲಿಲ್ಲ. ಹಡಗು ಹತ್ತಿ ವಾಪಸ್ ಹೋಗಿ ವರ್ಷಗಟ್ಟಲೆ ವೈದ್ಯ ಓದಿದಳು. 1899ರಲ್ಲಿ ಕಾರ್ನೆಲ್‌ನಿಂದ ಪದವಿ ಪಡೆದಳು, ಅಲ್ಲಿ ಹೆಣ್ಣುಮಕ್ಕಳನ್ನು ಸೇರಿಸಿಕೊಂಡ ಮೊದಲ ತಂಡ ಅದು. ಆಮೇಲೆ ಆಸ್ಪತ್ರೆ ಕಟ್ಟಲು 10,000 ಡಾಲರ್ ದಾನ ಹಿಡಿದುಕೊಂಡು 1900ರಲ್ಲಿ ವೆಲ್ಲೂರಿಗೆ ಬಂದಳು. ಮೊದಲು ಒಂದು ಹಾಸಿಗೆಯ ದವಾಖಾನೆ, 1902ರಲ್ಲಿ 40 ಹಾಸಿಗೆಯ ಆಸ್ಪತ್ರೆ. ಕರೆ ಬಂದ ರಾತ್ರಿಗೂ ಮೊದಲ ರೋಗಿಯ ನಾಡಿ ಹಿಡಿದದ್ದಕ್ಕೂ ನಡುವೆ ಅಷ್ಟು ಪರೀಕ್ಷೆಗಳಿದ್ದವು ಎನ್ನುವುದನ್ನು ನಮ್ಮ ಹುಡುಗರು ಮರೆಯಬಾರದು.

ಇನ್ನೊಬ್ಬಳ ಕಥೆ ಕಡಿಮೆ ಜನಕ್ಕೆ ಗೊತ್ತು. ಮೇರಿ ಗ್ಲೌರಿ ಆಸ್ಟ್ರೇಲಿಯಾದ ಡಾಕ್ಟರು. ಮೆಲ್ಬರ್ನ್‌ನಲ್ಲಿ ಚೆನ್ನಾಗಿ ನಡೆಯುತ್ತಿದ್ದ ಪ್ರಾಕ್ಟೀಸು. 1915ರಲ್ಲಿ ಆಗ್ನೆಸ್ ಮೆಕ್‌ಲಾರೆನ್ ಎಂಬ ವೈದ್ಯೆಯ ಬಗ್ಗೆ ಒಂದು ಕಿರುಪುಸ್ತಿಕೆ ಕೈಗೆ ಸಿಕ್ಕಿತು, ಮನಸ್ಸು ತಿರುಗಿತು. 1920ರಲ್ಲಿ ಗುಂಟೂರಿಗೆ ಬಂದು ಕನ್ಯಾಸ್ತ್ರೀಯಾದಳು. ಆಗ ಕ್ಯಾಥೊಲಿಕ್ ಸನ್ಯಾಸಿನಿಯರು ವೈದ್ಯವೃತ್ತಿ ಮಾಡುವ ಹಾಗಿರಲಿಲ್ಲ, ಹೆರಿಗೆಯಂತೂ ದೂರದ ಮಾತು. ಈಕೆಗೆ ಪೋಪ್ ವಿಶೇಷ ಅನುಮತಿ ಕೊಟ್ಟರು. ಎಲ್ಲರಿಗೂ ಆ ನಿಷೇಧ ಸಡಿಲವಾದದ್ದು 1936ರಲ್ಲಿ. ಇವತ್ತು ದೇಶದ ಸಾವಿರಾರು ಕ್ಯಾಥೊಲಿಕ್ ಆಸ್ಪತ್ರೆ, ದವಾಖಾನೆಗಳನ್ನು ಒಂದು ಸೂರಿನಡಿ ತಂದಿರುವ ಸಂಘವನ್ನು 1943ರಲ್ಲಿ ಹುಟ್ಟುಹಾಕಿದವಳು ಇವಳೇ. ತೀರಿಕೊಂಡದ್ದು 1957ರಲ್ಲಿ, ನಮ್ಮ ಬೆಂಗಳೂರಿನಲ್ಲಿ.

ಒಬ್ಬಳಿಗೆ ಬಾಗಿಲ ಸದ್ದು, ಒಬ್ಬಳಿಗೆ ನಾಲ್ಕು ಹಾಳೆಯ ಕಾಗದ. ಕಂಕನಾಡಿಯ ಫಾದರ್ ಮುಲ್ಲರ್ ಬಂದದ್ದು ಪಾದ್ರಿಯಾಗಿ, ಜೊತೆಗಿದ್ದದ್ದು ಹೋಮಿಯೋಪತಿ ಔಷಧಿ. ಕೇಳಿದವರಿಗೆ ಕೊಡುತ್ತ ಹೋದರು, ಅದೇ ಆಸ್ಪತ್ರೆಯಾಯಿತು. ಕಣ್ಣ ಮುಂದಿರುವ ಕೆಲಸವನ್ನು ದಾಟಿ ಹೋಗಲು ಮನಸ್ಸು ಒಪ್ಪದಿರುವುದಕ್ಕೇ ನಾನು ಕರೆ ಅನ್ನುತ್ತೇನೆ.

ನನಗೆ ಅಂಥ ಅನುಭವ ಯಾವುದೂ ಆಗಿಲ್ಲ. ಆದರೂ ಹೋಗಬಹುದೇ?

ಹೋಗಿ. ನನಗೂ ಆಗಿರಲಿಲ್ಲ. ಹಾಸ್ಟೆಲಿನ ಗೆಳತಿ ಹೊರಟಳು, ನಾನೂ ಹೊರಟೆ. ಅವಳು ಎರಡು ತಿಂಗಳಿಗೆ ವಾಪಸ್ ಬಂದಳು.

ಡಾಕ್ಟರಿಗಾದರೆ ಕರೆ, ನರ್ಸಿಗಾದರೆ ನೌಕರಿ. ಹಾಗೆ ಯಾಕೆ?

ಈ ಪ್ರಶ್ನೆಯನ್ನು ಕೇಳುವವರು ಕಡಿಮೆ, ಆದರೂ ಸೇರಿಸಿದ್ದೇನೆ, ನನ್ನ ಹೊಟ್ಟೆಯುರಿ ಅಂದುಕೊಳ್ಳಿ. ಡಾಕ್ಟರ್ ದಂಪತಿ ಬಿಹಾರಕ್ಕೆ ಹೊರಟರೆ ಸಭೆಯಲ್ಲಿ ಹಾರ ಹಾಕಿ, ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ ಕಳಿಸುತ್ತಾರೆ. ಅದೇ ರೈಲಿನಲ್ಲಿ ಹೊರಟ ನರ್ಸಿಗೆ ‘ಅಲ್ಲಿ ಯಾಕಮ್ಮ, ಗಲ್ಫ್ ನೋಡಬಾರದೇ’ ಅನ್ನುತ್ತಾರೆ.

ಚರಿತ್ರೆಯಲ್ಲೂ ಹಾಗೇ. ವೆಲ್ಲೂರಿನ ಆ ಒಂದು ಹಾಸಿಗೆಯ ದವಾಖಾನೆಯಲ್ಲಿ ಐಡಾಳ ಬಲಗೈಯಾಗಿದ್ದವಳು ಮನೆಯ ಅಡುಗೆಯವನ ಹೆಂಡತಿ ಸಲೋಮಿ. ಬ್ಯಾಂಡೇಜ್ ಸುತ್ತುವುದರಿಂದ ಹಿಡಿದು ಎಲ್ಲವನ್ನೂ ನೋಡಿಯೇ ಕಲಿತವಳು. ಮೊದಲ ಎರಡು ವರ್ಷದಲ್ಲಿ 5,000 ರೋಗಿಗಳನ್ನು ನೋಡಿದರು ಎನ್ನುವಾಗ ಆ ಬಹುವಚನದಲ್ಲಿ ಸಲೋಮಿಯೂ ಇದ್ದಾಳೆ.

ಆಗ ನರ್ಸಿಂಗ್ ಕೆಲಸ ‘ಮೈಲಿಗೆ’. ರಕ್ತ, ಮಲ, ಪರಜಾತಿಯವರ ಮೈ ಮುಟ್ಟುವ ಕೆಲಸಕ್ಕೆ ಮರ್ಯಾದಸ್ಥರ ಮನೆಯವರು ಮಗಳನ್ನು ಕಳಿಸುತ್ತಿರಲಿಲ್ಲ. ಕ್ರೈಸ್ತ ಹೆಣ್ಣುಮಕ್ಕಳು ಬಂದರು. ಅವರಲ್ಲಿ ವಿಧವೆಯರಿದ್ದರು, ಅನಾಥಾಲಯದಲ್ಲಿ ಬೆಳೆದವರಿದ್ದರು. ವೆಲ್ಲೂರಿನಲ್ಲಿ ನರ್ಸಿಂಗ್ ಶಾಲೆ 1909ರಲ್ಲೇ ಶುರುವಾಯಿತು. ಡಾಕ್ಟರಿಕೆಯ ಶಾಲೆ ಬಂದದ್ದು ಒಂಬತ್ತು ವರ್ಷ ತಡವಾಗಿ, 1918ರಲ್ಲಿ. 1946ರಲ್ಲಿ ನರ್ಸಿಂಗ್ ಪದವಿ ಶುರುವಾದಾಗ ದೇಶಕ್ಕೇ ಅದು ಹೊಸದು. ಈಗ ಕರ್ನಾಟಕದ ಯಾವ ಊರಿನ ನರ್ಸಿಂಗ್ ಕಾಲೇಜಿಗೆ ಹೋದರೂ ಎಲ್ಲ ಜಾತಿ ಧರ್ಮದ ಹುಡುಗಿಯರು ಕೂತಿರುತ್ತಾರೆ. ಆ ದಾರಿಯ ಮುಳ್ಳು ತೆಗೆದವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.

ಒಂದು ಮಾತು. ಸಣ್ಣ ಮಿಶನ್ ಆಸ್ಪತ್ರೆಯಲ್ಲಿ ಡಾಕ್ಟರ್ ಎರಡು ವರ್ಷಕ್ಕೊಮ್ಮೆ ಬದಲಾಗುತ್ತಾರೆ. ಇಪ್ಪತ್ತು ವರ್ಷ ಅಲ್ಲೇ ಇರುವವಳು ಲೇಬರ್ ರೂಮಿನ ಸಿಸ್ಟರ್. ಹೊಸ ಡಾಕ್ಟರಿಗೆ ಫೋರ್ಸೆಪ್ಸ್ ಹಿಡಿಯುವುದನ್ನು ಕಣ್ಸನ್ನೆಯಲ್ಲೇ ಹೇಳಿಕೊಡುವವಳೂ ಅವಳೇ.

ಅಲ್ಲಿ ಕೆಲಸ ನಿಜಕ್ಕೂ ಹೇಗಿರುತ್ತದೆ?

ಹಗಲು ಎಲ್ಲ ಆಸ್ಪತ್ರೆಯ ಹಾಗೇ. ಬೆಳಿಗ್ಗೆ ಚಾಪೆಲ್‌ನಲ್ಲಿ ಒಂದು ಹಾಡು, ಒಂದು ಪ್ರಾರ್ಥನೆ, ಆಮೇಲೆ ರೌಂಡ್ಸ್, ಒಪಿಡಿ ಮುಂದೆ ಸಾಲು. ರಾತ್ರಿಯದೇ ಬೇರೆ ಲೆಕ್ಕ.

ನನ್ನ ಮೊದಲ ವರ್ಷದ ಒಂದು ರಾತ್ರಿ ಎರಡು ಗಂಟೆಗೆ ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಒಬ್ಬಳನ್ನು ತಂದರು. ಹೆರಿಗೆ ಊರಲ್ಲೇ ಆಗಿತ್ತು, ರಕ್ತ ನಿಂತಿರಲಿಲ್ಲ. ಟ್ರಾಲಿಯಲ್ಲಿ ಹಾಸಿದ್ದ ಹುಲ್ಲು ಕಪ್ಪಾಗಿತ್ತು. ಗರ್ಭಕೋಶ ಬಿಗಿಯಾಗಿ ರಕ್ತ ನಿಲ್ಲಲಿ ಎಂದು ಆಕ್ಸಿಟೋಸಿನ್ ಹಾಕಿದೆವು, ಎರಡೂ ಕೈಗೆ ಡ್ರಿಪ್ ಏರಿಸಿದೆವು. ಗರ್ಭಕೋಶ ಮಾತ್ರ ಹಿಟ್ಟಿನ ಮುದ್ದೆಯ ಹಾಗೆ ಮೆತ್ತಗೇ ಇತ್ತು. ಡಾಕ್ಟರ್ ಒಳಗಿನಿಂದ ಮುಷ್ಟಿ ಒತ್ತಿ ಹಿಡಿದರು, ನಾನು ಹೊಟ್ಟೆಯ ಮೇಲಿನಿಂದ. ಗಂಡ ಐಸ್ ಡಬ್ಬಿ ತಗೊಂಡು ಬೈಕಿನಲ್ಲಿ ಜಿಲ್ಲಾ ಕೇಂದ್ರದ ಬ್ಲಡ್ ಬ್ಯಾಂಕಿಗೆ ಹೋದ. ಕೈ ಬಿಟ್ಟರೆ ರಕ್ತ, ಒತ್ತಿದರೆ ನಿಲ್ಲುತ್ತದೆ. ಡಾಕ್ಟರೂ ನಾನೂ ಜಾಗ ಬದಲಿಸಿಕೊಂಡೆವು, ಮತ್ತೆ ಬದಲಿಸಿಕೊಂಡೆವು. ಮುಂಗೈ ಮರಗಟ್ಟಿತು. ಸುಮಾರು ಒಂದು ಗಂಟೆಯ ಮೇಲೆ ಕೈಕೆಳಗೆ ಅದು ನಿಧಾನವಾಗಿ ತೆಂಗಿನಕಾಯಿಯ ಹಾಗೆ ಗಟ್ಟಿಯಾಯಿತು. ಆ ಗಟ್ಟಿತನ ಈಗಲೂ ಅಂಗೈಗೆ ನೆನಪಿದೆ. ಹೊರಗೆ ಬಂದು ‘ಉಳಿದಳು’ ಅಂದೆ. ಅತ್ತೆ ಕೇಳಿದ್ದು, ‘ಮನೆಯಲ್ಲಿರುವುದು ಹೆಣ್ಣು ಕೂಸು, ಮುಂದೆ ಇನ್ನೊಂದು ಆಗುತ್ತದಲ್ಲ?’

ಸಿಟ್ಟು ಬಂತು. ಆಮೇಲೆ ಚಹಾ ಕುಡಿದೆವು.

ನೇರವಾಗಿ ಕೇಳುತ್ತೇನೆ. ಇದೆಲ್ಲ ಮತಾಂತರಕ್ಕಾಗಿ ಅಲ್ಲವೇ?

ನೇರವಾಗಿಯೇ ಹೇಳುತ್ತೇನೆ. ಹಳೆಯ ಕಾಲದಲ್ಲಿ ಆ ಉದ್ದೇಶ ಮುಚ್ಚಿಟ್ಟದ್ದೇನಲ್ಲ. ಔಷಧಿ ಕೊಡುವ ಮೊದಲು ವರಾಂಡದಲ್ಲಿ ಸುವಾರ್ತೆ ಓದುತ್ತಿದ್ದರು. ‘ಬೈಬಲ್ ಹೆಂಗಸರು’ ವಾರ್ಡಿನಲ್ಲಿ ಹಾಸಿಗೆಯಿಂದ ಹಾಸಿಗೆಗೆ ಹೋಗುತ್ತಿದ್ದರು. ಮಿಶನ್‌ನವರೇ ಊರಿಗೆ ಬರೆದ ವರದಿಗಳಲ್ಲಿ ಇದೆಲ್ಲ ಹೆಮ್ಮೆಯಿಂದ ದಾಖಲಾಗಿದೆ. ಇಲ್ಲ ಅಂತ ಈಗ ನಾವು ಸಾಧಿಸುವುದು ಸುಳ್ಳಾಗುತ್ತದೆ.

ಹಾಗಂತ ಲೆಕ್ಕವನ್ನೂ ನೋಡಿ. ನೂರು ನೂರೈವತ್ತು ವರ್ಷ ಮಿಶನ್ ಆಸ್ಪತ್ರೆಗಳು ನಡೆದ ಮೇಲೂ 2011ರ ಜನಗಣತಿಯಲ್ಲಿ ಕರ್ನಾಟಕದ ಕ್ರೈಸ್ತರು ನೂರಕ್ಕೆ ಎರಡೂ ಇಲ್ಲ. ಮೈಸೂರಿನ ಮಿಶನ್ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳು ನಾಮಕರಣಕ್ಕೆ ಹೋದದ್ದು ಅವರವರ ಮನೆಯ ಪುರೋಹಿತರ ಹತ್ತಿರವೇ.

ಕಾನೂನು ಹೇಳುವುದು ಇಷ್ಟು. ಸಂವಿಧಾನದ 25ನೇ ವಿಧಿ ಧರ್ಮವನ್ನು ಆಚರಿಸುವ, ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ. ಆ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿದೆ. ಕರ್ನಾಟಕದಲ್ಲಿ 2022ರಲ್ಲಿ ಇದಕ್ಕೆಂದೇ ಕಾಯ್ದೆ ಬಂತು, 2023ರ ಜೂನ್‌ನಲ್ಲಿ ಅದನ್ನು ಹಿಂಪಡೆಯಲು ಸಂಪುಟ ತೀರ್ಮಾನಿಸಿತು.

ಕಾಯ್ದೆ ಇರಲಿ ಬಿಡಲಿ, ನಾನು ನನ್ನ ವಿದ್ಯಾರ್ಥಿನಿಯರಿಗೆ ಹೇಳುವುದು ಒಂದೇ. ಹಾಸಿಗೆ ಮೇಲೆ ಮಲಗಿದವನಿಗೆ ಎದ್ದು ಹೋಗುವ ಸ್ವಾತಂತ್ರ್ಯ ಇಲ್ಲ. ನೋವಿನ ಇಂಜೆಕ್ಷನ್ ನಿಮ್ಮ ಕೈಯಲ್ಲಿದೆ. ಅಂಥವನಿಗೆ ನಿಮ್ಮ ನಂಬಿಕೆಯ ಮಾತು ಹೇಳಿದರೆ ಅವನು ‘ಹೂಂ’ ಅನ್ನುತ್ತಾನೆ, ಅನ್ನಲೇಬೇಕು. ಆ ಹೂಂಗೆ ಬೆಲೆಯಿಲ್ಲ. ‘ಸಿಸ್ಟರ್, ನನಗಾಗಿ ಪ್ರಾರ್ಥನೆ ಮಾಡಿ’ ಅಂತ ಅವನಾಗಿಯೇ ಕೇಳಿದರೆ ಮಾಡಿ. ಕೇಳುವವರು ಬಹಳ ಜನ ಇದ್ದಾರೆ, ಕುಂಕುಮ ಇಟ್ಟವರೂ ಕೇಳುತ್ತಾರೆ, ಟೋಪಿ ಹಾಕಿದವರೂ ಕೇಳುತ್ತಾರೆ. ಕೇಳದಿದ್ದರೆ ಬೆಡ್‌ಪ್ಯಾನ್ ಕೊಟ್ಟು ಬನ್ನಿ, ಅದೂ ನಿಮ್ಮ ನಂಬಿಕೆಗೆ ಸಾಕ್ಷಿಯೇ.

ಕ್ರೈಸ್ತರಲ್ಲದವರು ಅಲ್ಲಿ ಕೆಲಸ ಮಾಡಬಹುದೇ?

ಮಾಡುತ್ತಿದ್ದಾರೆ. ನಮ್ಮ ಥಿಯೇಟರಿನಲ್ಲಿ ಅರಿವಳಿಕೆ ಕೊಡುತ್ತಿದ್ದ ಡಾಕ್ಟರು ನವರಾತ್ರಿಯ ಒಂಬತ್ತು ದಿನವೂ ಉಪವಾಸ ಇರುತ್ತಿದ್ದರು, ಆ ಒಂಬತ್ತು ದಿನವೂ ಎಲ್ಲರ ಮೇಲೆ ರೇಗುತ್ತಿದ್ದರು.

ಓದಲು ಎಲ್ಲಿಗೆ ಹೋಗಬೇಕು? ಬಾಂಡ್ ಇರುತ್ತದಂತೆ?

ಸೇವೆಯನ್ನೇ ಮುಂದಿಟ್ಟುಕೊಂಡ ಮೆಡಿಕಲ್ ಕಾಲೇಜುಗಳಲ್ಲಿ ದೊಡ್ಡ ಹೆಸರು ಮೂರು. ಒಂದು ಐಡಾ ಕಟ್ಟಿದ ವೆಲ್ಲೂರಿನ ಸಿಎಂಸಿ (ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು). ಎರಡನೆಯದು ಲುಧಿಯಾನದ ಸಿಎಂಸಿ, 1894ರಲ್ಲಿ ಎಡಿತ್ ಬ್ರೌನ್ ಹೆಣ್ಣುಮಕ್ಕಳಿಗಾಗಿ ಶುರು ಮಾಡಿದ್ದು. ಮೂರನೆಯದು ಬೆಂಗಳೂರಿನ ಸೇಂಟ್ ಜಾನ್ಸ್, ಕ್ಯಾಥೊಲಿಕ್ ಬಿಷಪ್‌ರು 1963ರಲ್ಲಿ ತೆರೆದದ್ದು. ವೆಲ್ಲೂರಿನ ಮೊದಲ ತಂಡವೂ ಬರೀ ಹುಡುಗಿಯರದೇ, ಗಂಡುಹುಡುಗರಿಗೆ ಬಾಗಿಲು ತೆರೆದದ್ದು 1947ರಲ್ಲಿ.

ಈಗ ಈ ಮೂರರಲ್ಲೂ ಎಂಬಿಬಿಎಸ್‌ಗೆ ನೀಟ್ ಬೇಕು. ಇದರ ಹಿಂದೆ ಜಗಳದ ಕಥೆಯೊಂದಿದೆ. ವೆಲ್ಲೂರಿನವರು ಮೊದಲೆಲ್ಲ ಅಭ್ಯರ್ಥಿಗಳನ್ನು ದಿನಗಟ್ಟಲೆ ಇಟ್ಟುಕೊಂಡು, ಮಾತನಾಡಿಸಿ, ಗುಂಪಿನಲ್ಲಿ ಕೆಲಸ ಕೊಟ್ಟು ನೋಡಿ ಆರಿಸುತ್ತಿದ್ದರು. ಅಂಕದಲ್ಲಿ ಕಾಣಿಸದ ಒಂದನ್ನು ಹುಡುಕುತ್ತಿದ್ದೇವೆ ಎನ್ನುವುದು ಅವರ ವಾದ. ನೀಟ್ ಮೂಲಕವೇ ತುಂಬಬೇಕು ಅಂದಾಗ 2017ರಲ್ಲಿ 100 ಎಂಬಿಬಿಎಸ್ ಸೀಟಿನಲ್ಲಿ ಒಂದನ್ನು ಮಾತ್ರ ತುಂಬಿ 99 ಖಾಲಿ ಬಿಟ್ಟರು. ಕೊನೆಗೆ 2020ರಲ್ಲಿ ಸುಪ್ರೀಂ ಕೋರ್ಟ್ ಅಲ್ಪಸಂಖ್ಯಾತ ಕಾಲೇಜುಗಳಿಗೂ ನೀಟ್ ಕಡ್ಡಾಯ ಎಂದಿತು. ಆ 99 ಸೀಟು ಖಾಲಿ ಬಿಟ್ಟದ್ದು ಸರಿಯೋ ತಪ್ಪೋ ಅಂತ ನಮ್ಮ ಮನೆಯಲ್ಲೇ ಎರಡು ಪಕ್ಷ. ಡಾಕ್ಟರೇ ಇಲ್ಲದ ಜಿಲ್ಲೆಯಲ್ಲಿ ಕೆಲಸ ಮಾಡಿದವಳಿಗೆ ಖಾಲಿ ಸೀಟು ನೋಡಲಾಗುವುದಿಲ್ಲ.

ಬಾಂಡ್ ಇದೆ. ವೆಲ್ಲೂರಿನಲ್ಲಿ ಸಭೆಗಳು ಪ್ರಾಯೋಜಿಸಿ ಕಳಿಸಿದ ಮಕ್ಕಳು ಓದು ಮುಗಿದ ಮೇಲೆ ಆ ಸಭೆಯ ಆಸ್ಪತ್ರೆಯಲ್ಲಿ ಎರಡು ವರ್ಷ ಸೇವೆ ಮಾಡಬೇಕು. ಸೇಂಟ್ ಜಾನ್ಸ್‌ನಲ್ಲೂ ಗ್ರಾಮೀಣ ಸೇವೆಯ ಕರಾರು ಇದೆ. ಅಪ್ಪ ಅಮ್ಮ ಇದನ್ನು ಜೈಲುವಾಸದ ಹಾಗೆ ಲೆಕ್ಕ ಹಾಕುತ್ತಾರೆ. ದಿನ ಎಣಿಸುತ್ತಲೇ ಬಂದು ಆರು ವರ್ಷ ನಿಂತವರನ್ನೂ ನೋಡಿದ್ದೇನೆ, ಬಾಂಡ್ ಮುಗಿದ ಸಂಜೆಯೇ ಬಸ್ಸು ಹತ್ತಿದವರನ್ನೂ ನೋಡಿದ್ದೇನೆ. ಇಬ್ಬರೂ ಇದ್ದಷ್ಟು ದಿನ ಸಿಸೇರಿಯನ್ ಮಾಡಿದ್ದಾರೆ.

ಸಂಬಳ?

ಸರ್ಕಾರಿ ನೌಕರಿಗಿಂತ ಬಹಳ ಕಡಿಮೆ, ಇದರಲ್ಲಿ ಮುಚ್ಚುಮರೆ ಬೇಡ. ಕ್ವಾರ್ಟರ್ಸ್ ಕೊಡುತ್ತಾರೆ, ಕರೆಂಟು ಹೋದರೆ ಆಸ್ಪತ್ರೆಯ ಜನರೇಟರ್ ಸದ್ದು ನಿಮ್ಮ ಕಿಟಕಿಗೂ ಕೇಳುತ್ತದೆ. ನಿಜವಾಗಿ ಕಾಡುವುದು ಮಕ್ಕಳ ಶಾಲೆ. ಬಹಳ ಡಾಕ್ಟರ್ ಕುಟುಂಬಗಳು ಹೊರಡುವುದು ಮಗು ಐದನೇ ಕ್ಲಾಸಿಗೆ ಬಂದಾಗ.

ಕೆಲವು ಆಡಳಿತ ಮಂಡಳಿಗಳು ‘ಸೇವೆ’ ಎನ್ನುವ ಪದವನ್ನು ಸಂಬಳ ಏರಿಸದಿರಲು ಬಳಸುತ್ತವೆ. ಎಲ್ಲಿ ಎನ್ನುವುದು ಬೇಡ, ನನಗೆ ಏಳು ತಿಂಗಳ ಬಾಕಿ ಸಿಕ್ಕಿದ್ದು ಬಿಟ್ಟು ಬಂದ ಎರಡು ವರ್ಷಕ್ಕೆ. ತ್ಯಾಗ ಮಾಡುವುದು ನನ್ನ ಇಷ್ಟ. ನನ್ನ ಪರವಾಗಿ ತ್ಯಾಗ ಮಾಡುವ ಹಕ್ಕು ಖಜಾಂಚಿಗಿಲ್ಲ. ಸೇರುವ ಮೊದಲು ನೇಮಕದ ಪತ್ರ, ಪಿಎಫ್ ಎರಡನ್ನೂ ಕೇಳಿ. ಕೇಳಿದರೆ ಕರೆಯೇನೂ ಕರಗಿಹೋಗುವುದಿಲ್ಲ.

ಕುಷ್ಠರೋಗದ ಕೆಲಸ ಈಗ ಬೇಕೇ? ಅದು ಹೋಗಿಬಿಟ್ಟಿದೆಯಲ್ಲ?

2005ರಲ್ಲಿ ಸರ್ಕಾರ ‘ನಿವಾರಣೆ’ ಎಂದು ಘೋಷಿಸಿದ್ದರ ಅರ್ಥ, ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಎಂದಷ್ಟೇ. ಜಗತ್ತಿನಲ್ಲಿ ವರ್ಷಕ್ಕೆ ಪತ್ತೆಯಾಗುವ ಹೊಸ ರೋಗಿಗಳಲ್ಲಿ ಅರ್ಧಕ್ಕೂ ಹೆಚ್ಚು ಜನ ಭಾರತದವರೇ. ಔಷಧಿ ಇದೆ, ವಾಸಿಯಾಗುತ್ತದೆ. ಆದರೆ ಸತ್ತ ನರ ಮತ್ತೆ ಹುಟ್ಟುವುದಿಲ್ಲ.

ವೆಲ್ಲೂರಿನಲ್ಲಿ ಪಾಲ್ ಬ್ರ್ಯಾಂಡ್ 1940ರ ದಶಕದಲ್ಲಿ ಕಂಡುಕೊಂಡದ್ದು ಇದನ್ನೇ. ಬೆರಳು ಉದುರುವುದು ರೋಗ ಮಾಂಸವನ್ನು ತಿನ್ನುವುದರಿಂದ ಎಂದು ಎಲ್ಲರೂ ನಂಬಿದ್ದರು. ಅವರು ಹೇಳಿದರು, ನೋವು ಗೊತ್ತಾಗದ್ದರಿಂದ. ಬಿಸಿ ಪಾತ್ರೆ ಹಿಡಿದರೂ ಕೈ ಎಳೆದುಕೊಳ್ಳುವುದಿಲ್ಲ, ಚಪ್ಪಲಿಯೊಳಗೆ ಮೊಳೆ ಇದ್ದರೂ ಮೈಲಿಗಟ್ಟಲೆ ನಡೆಯುತ್ತಾರೆ, ಮಲಗಿದಾಗ ಇಲಿ ಕಚ್ಚಿದರೂ ಎಚ್ಚರವಾಗುವುದಿಲ್ಲ. ಕೊಕ್ಕೆಯಂತೆ ಮಡಚಿಕೊಂಡ ಬೆರಳುಗಳನ್ನು, ಇನ್ನೂ ಜೀವವಿದ್ದ ಸ್ನಾಯುಗಳ ಎಳೆಯನ್ನು ತಿರುಗಿಸಿ ಕಟ್ಟಿ ಬಿಡಿಸಿದರು. ಅವರ ಶಿಷ್ಯೆ ಮೇರಿ ವರ್ಗೀಸ್ 1954ರ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಮೇಲೂ ಗಾಲಿಕುರ್ಚಿಯಲ್ಲಿ ಕೂತೇ ಈ ಆಪರೇಷನ್‌ಗಳನ್ನು ಮಾಡಿದರು.

ಉಳಿದ ಕೆಲಸ ನರ್ಸಿನದು. ಅದು ನೋಡಲು ಏನೂ ಅಲ್ಲ. ಸಂಜೆ ಬಕೆಟ್ಟಿನಲ್ಲಿ ಕಾಲು ನೆನೆಸಿಡುವುದು, ಒರಟು ಚರ್ಮವನ್ನು ಕಲ್ಲಿನಿಂದ ಉಜ್ಜುವುದು, ಎಣ್ಣೆ ಹಚ್ಚುವುದು, ಮೃದು ರಬ್ಬರಿನ ಚಪ್ಪಲಿಯೊಳಗೆ ಬೆರಳಾಡಿಸಿ ಕಲ್ಲು ಮುಳ್ಳು ನೋಡುವುದು. ಇಷ್ಟನ್ನೇ ಪ್ರತಿದಿನ ಅವರೇ ಮಾಡಿಕೊಳ್ಳುವ ಹಾಗೆ ಕಲಿಸಬೇಕು. ಕಲಿಸಿದ್ದು ಫಲಿಸಿದರೆ ನಮಗೆ ಕಾಣಿಸುವುದು ಆಗದೇ ಇರುವ ಒಂದು ಹುಣ್ಣು, ಅಷ್ಟೇ.

ಅಪಾಯ ಇದೆಯೇ?

1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಆಸ್ಟ್ರೇಲಿಯಾದ ಮಿಶನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಪುಟ್ಟ ಮಕ್ಕಳನ್ನು ವಾಹನದಲ್ಲೇ ಸುಟ್ಟದ್ದನ್ನು ಯಾರೂ ಮರೆತಿಲ್ಲ. ಬಾರಿಪದಾದಲ್ಲಿ ಕುಷ್ಠರೋಗಿಗಳ ಆಶ್ರಮ ನಡೆಸುತ್ತಿದ್ದವರು. ಹೆಂಡತಿ ಗ್ಲಾಡಿಸ್ ನರ್ಸ್. ಕ್ಷಮಿಸಿದ್ದೇನೆ ಅಂದಳು, ಅಲ್ಲೇ ಉಳಿದು ಆಶ್ರಮ ನಡೆಸಿದಳು, 2005ರಲ್ಲಿ ಪದ್ಮಶ್ರೀ ಬಂತು. ನಿಮ್ಮ ದಿನನಿತ್ಯದ ಅಪಾಯ ಇದಲ್ಲ. ರಾತ್ರಿಯ ರಸ್ತೆ, ಕ್ಷಯ, ಸೂಜಿ ಚುಚ್ಚಿಕೊಳ್ಳುವುದು, ರೋಗಿ ಸತ್ತಾಗ ಗುಂಪು ಕಟ್ಟಿಕೊಂಡು ಬರುವವರು. ಕೊನೆಯದು ಈಗ ಎಲ್ಲ ಆಸ್ಪತ್ರೆಯಲ್ಲೂ ಇದೆ.

ನಾನು ದುಬೈ ಅಥವಾ ಲಂಡನ್‌ನಲ್ಲಿದ್ದೇನೆ. ರಜೆಯಲ್ಲಿ ಬಂದು ಸೇವೆ ಮಾಡಬಹುದೇ?

ಒಂದು ವಾರದ ಮೆಡಿಕಲ್ ಕ್ಯಾಂಪಿಗೆ ಬರುವುದಾದರೆ ಬೇಡ. ಬಿಪಿ ಮಾತ್ರೆ ಒಂದು ತಿಂಗಳಿಗೆ ಕೊಟ್ಟು ಹೋಗುತ್ತೀರಿ, ಎರಡನೇ ತಿಂಗಳು ಯಾರು ಕೊಡಬೇಕು? ಮೂರು ತಿಂಗಳು ಬಂದು ಅಲ್ಲಿರುವ ಒಬ್ಬಳೇ ಐಸಿಯು ನರ್ಸನ್ನು ರಜೆಗೆ ಕಳಿಸುವುದಾದರೆ ನಿಮ್ಮ ಕಾಲಿಗೆ ಬೀಳುತ್ತೇವೆ. ಹಳೆಯ ಯಂತ್ರ ಕಳಿಸುವವರು ಕೇಳಿ ಕಳಿಸಿ. ನಮ್ಮ ಗೋಡೌನಿನಲ್ಲಿ ಅಮೆರಿಕದಿಂದ ಬಂದ 110 ವೋಲ್ಟಿನ ಮಾನಿಟರುಗಳು ಸಾಲಾಗಿ ಕೂತಿದ್ದವು, ಮೇಲೆ ಸ್ಟೋರಿನವರು ಈರುಳ್ಳಿ ಒಣಗಿಸುತ್ತಿದ್ದರು. ಹಣವಾದರೆ, ವಿದೇಶಿ ಪೌರತ್ವ ಪಡೆದವರು ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇರುವ ಸಂಸ್ಥೆಗೇ ಕೊಡಬೇಕು. 2020ರ ತಿದ್ದುಪಡಿಯಾದ ಮೇಲೆ ವಿದೇಶಿ ದೇಣಿಗೆ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಆಡಳಿತ ವೆಚ್ಚ ನೂರಕ್ಕೆ 20 ದಾಟಬಾರದು. ಪರಿಚಯದವರ ಖಾತೆಗೆ ಹಾಕಿದರೆ ಅವರನ್ನೇ ಸಿಕ್ಕಿಸಿದ ಹಾಗೆ.

ಹೋಗಿ, ಆಗದೆ ವಾಪಸ್ ಬಂದರೆ ಕರೆ ತಪ್ಪಿದ ಹಾಗೆಯೇ?

ನಾನೂ ವಾಪಸ್ ಬಂದವಳೇ. ಎಂಟನೇ ವರ್ಷ ಒಂದು ರಾತ್ರಿ ಇಬ್ಬರು ತಾಯಂದಿರಿಗೆ ಒಬ್ಬಳೇ ಓಡಾಡಿದೆ, ಇಬ್ಬರಲ್ಲಿ ಒಬ್ಬಳು ಹೋದಳು. ಆಮೇಲೆ ಲೇಬರ್ ರೂಮಿನ ಬಾಗಿಲ ಹತ್ತಿರ ಬಂದರೆ ಕೈ ನಡುಗುತ್ತಿತ್ತು. ಅಲ್ಲಿನ ಮೇಟ್ರನ್ ‘ನೀನು ಮಾಡುವ ಪ್ರಾರ್ಥನೆ ಸಾಲದು’ ಅಂದರು. ಅದನ್ನೂ ಒಂದು ವರ್ಷ ಮಾಡಿ ನೋಡಿದೆ. ನಡುಕ ಹೋಗಲಿಲ್ಲ. ಬೆಂಗಳೂರಿಗೆ ಬಂದು ಮನೋವೈದ್ಯರನ್ನು ಕಂಡೆ, ನಿದ್ದೆ ಬಂತು. ಈಗ ವರ್ಷಕ್ಕೆ ನಲವತ್ತು ಹುಡುಗಿಯರಿಗೆ ಹೊಟ್ಟೆಯ ಮೇಲೆ ಕೈಯಿಟ್ಟು ಆ ತೆಂಗಿನಕಾಯಿಯ ಗಟ್ಟಿತನ ಗುರುತಿಸುವುದನ್ನು ಕಲಿಸುತ್ತೇನೆ. ಅವರಲ್ಲಿ ಮೂವರು ಈಗ ಜಾರ್ಖಂಡ್‌ನಲ್ಲಿದ್ದಾರೆ. ಕರೆ ತಪ್ಪಿತೋ ಇಲ್ಲವೋ, ನೀವೇ ಹೇಳಿ.

ಹೊರಡುವಾಗ ಏನು ತಗೊಂಡು ಹೋಗಲಿ?

ನರ್ಸಿಂಗ್ ಅಥವಾ ಮೆಡಿಕಲ್ ಕೌನ್ಸಿಲ್ ನೋಂದಣಿ ಮತ್ತು ಬೇರೆ ರಾಜ್ಯಕ್ಕೆ ಹೋಗಲು ನಿರಾಕ್ಷೇಪಣಾ ಪತ್ರ, ಇದನ್ನು ಮೊದಲೇ ಮಾಡಿಸಿ, ತಿಂಗಳುಗಟ್ಟಲೆ ಎಳೆಯುತ್ತದೆ. ಹೆಪಟೈಟಿಸ್ ಬಿ ಲಸಿಕೆ ಮೂರೂ ಡೋಸ್. ತಲೆಗೆ ಕಟ್ಟುವ ಟಾರ್ಚ್. ಜಾರದ ಚಪ್ಪಲಿ. ಒಂದು ಸಣ್ಣ ನೋಟ್‌ಬುಕ್: ‘ನೋವು ಎಲ್ಲಿ’, ‘ಯಾವಾಗಿನಿಂದ’, ‘ಮಗು ಅಲುಗಾಡುತ್ತಿದೆಯಾ’ ಎನ್ನುವುದನ್ನು ಅಲ್ಲಿನ ಭೋಜ್‌ಪುರಿಯಲ್ಲೋ ಸಂಥಾಲಿಯಲ್ಲೋ ವಾರ್ಡಿನ ಆಯಾಳ ಹತ್ತಿರ ಕೇಳಿ ಕನ್ನಡದಲ್ಲಿ ಬರೆದುಕೊಳ್ಳಲು. ಚಟ್ನಿಪುಡಿ ಎರಡು ಕೆಜಿ, ಒಂದು ಕೆಜಿ ಹಾಸ್ಟೆಲ್ ತಲುಪಿದ ದಿನವೇ ಖಾಲಿಯಾಗುತ್ತದೆ. ಸೊಳ್ಳೆಪರದೆ ಅಲ್ಲೇ ಸಿಗುತ್ತದೆ.